ಹಗೆಯವನ ಪುಪೂಸಾ

ಅಡುಗೆಮನೆಯ ಪರದೆ ಸರಿಸಿ ರಘುನಂದನ್ ಹೊರಗೆ ಬಂದ. ಅರ್ಪಿತಳ ಎದೆ ಧಸಕ್ಕೆಂದಿತು.

'ಅಯ್ಯೋ... ಊಟ ಮುಗಿಯೋವರೆಗೂ ಬರಬೇಡ ಅಂದಿದ್ದೆನಲ್ಲ...'

ಎದುರಿಗೆ ಅವಳ ಅಣ್ಣ ಶಿವರಾಜು ಮೂರನೇ ಪುಪೂಸಾ ತಿನ್ನುತ್ತಿದ್ದ. ಮುಸುಕಿನ ಜೋಳದ ದಪ್ಪ ರೊಟ್ಟಿ, ಒಳಗೆ ಕಾಳು, ಚೀಸು, ನಂಚಿಕೊಳ್ಳಲು ಹುಳಿ ಹಾಕಿದ ಕೋಸು. ಸೋಮನಹಳ್ಳಿ ಹೈವೇ ಪಕ್ಕದ, ಎಲ್ ಸಾಲ್ವಡಾರ್ ದೇಶದ ಅಡುಗೆಯ ಈ ಹೋಟೆಲಿಗೆ ಅವನನ್ನು ಕರೆತಂದವಳು ಅವಳೇ. "ಚೆಂದಾಗದೆ ಕಣವ್ವ" ಎಂದು ಈಗಷ್ಟೇ ಹೊಗಳಿದ್ದ.

ತಲೆ ಎತ್ತಿದವನ ಕೈ ಅಲ್ಲೇ ನಿಂತಿತು. "ಇವ್ನು ತಿಮ್ಮಯ್ಯನ ಮಗ ಅಲ್ವಾ?"

ಎರಡೂ ಮನೆಯವರ ಊರಾದ ಕೊಪ್ಪದಲ್ಲಿ ನಾಲೆ ನೀರಿನ ಜಗಳಕ್ಕೆ ತಿಮ್ಮಯ್ಯ ಈ ಅಣ್ಣ ತಂಗಿಯರ ಅಪ್ಪನ ಕಾಲು ಮುರಿದಿದ್ದ. ಅಂದಿನಿಂದ ಆ ಮನೆಯ ನೀರನ್ನೂ ಇವರು ಮುಟ್ಟುವುದಿಲ್ಲ.

ಶಿವರಾಜು ಬಾಯಿಗೆ ಬೆರಳು ತುರುಕಿ ಕಕ್ಕಲು ನೋಡಿದ. ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ತಟ್ಟೆ ಗೋಡೆಗೆ ಬಡಿದು ಚೂರಾಯಿತು, ಮೇಜು ಮಗುಚಿತು. ರಘುವಿನ ಕೊರಳಪಟ್ಟಿ ಹಿಡಿದು ಮೂಗಿಗೇ ಗುದ್ದಿದ.

"ಮೋಸದಲ್ಲಿ ಉಣ್ಸಿ ಊರಲ್ಲಿ ಆಡ್ಕೊಂಡು ನಗಕ್ಕೇನ್ಲಾ?"

ರಘು ಮೂಗಿನ ರಕ್ತ ಒರೆಸಿಕೊಂಡ. "ಊಂ. ನಾನೇ ಬೇಕಂತ ಉಣ್ಸಿದ್ದು."

'ಸುಳ್ಳು... ನನ್ನ ಉಳಿಸೋಕೆ ಹೇಳ್ತಿದ್ದಾನೆ...'

ಚಿಕ್ಕ ವಯಸ್ಸಲ್ಲೇ ಊರು ಬಿಟ್ಟು, ಹಡಗಿನ ಅಡುಗೆಮನೆಯಲ್ಲಿ ಈ ರೊಟ್ಟಿ ಕಲಿತು ಬಂದವನು ರಘು. ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಇಲ್ಲಿಗೆ ಬರುತ್ತಿದ್ದವಳು ಅರ್ಪಿತ. ಅವನು ಯಾರ ಮಗನೆಂದು ತಿಳಿಯುವಷ್ಟರಲ್ಲಿ ಮನಸ್ಸು ಕೊಟ್ಟಾಗಿತ್ತು. ಅಣ್ಣ ಒಮ್ಮೆ ಇಲ್ಲಿ ಉಂಡರೆ ಹಗೆ ಮುರಿದು ಮದುವೆ ಮಾತೆತ್ತಬಹುದೆಂದು ಉಪಾಯ ಹೂಡಿದವಳೂ ಇವಳೇ. "ಯೋಳ್ಬುಟ್ಟೇ ಉಣ್ಸವ" ಎಂದು ರಘು ಬಡಕೊಂಡಿದ್ದ. ಕೇಳಿದಳಾ ಈ ಹಟಮಾರಿ?

ಇನ್ನೊಂದು ಏಟಿಗೆ ರಘು ನೆಲಕ್ಕೆ ಬಿದ್ದ. ಶಿವರಾಜು ಕಬ್ಬಿಣದ ಸ್ಟೂಲು ಎತ್ತಿದ. ತಲೆಗೇ ಗುರಿ. ಅರ್ಪಿತ ನುಗ್ಗಿ ಅಡ್ಡ ಬಿದ್ದಳು. ಸ್ಟೂಲಿನ ಅಂಚು ಅವಳ ಭುಜ ಸೀಳಿತು.

"ಮೋಸ ಮಾಡಿದ್ದು ನಾನ್ ಕಣಣ್ಣ. ಅವ್ನು ಬ್ಯಾಡ ಅಂದ. ನಂಗೆ ಅವ್ನು ಬೇಕು... ಕೊಲ್ಲದಾದ್ರೆ ನನ್ನ ಕೊಲ್ಲು."

ಶಿವರಾಜು ಅವಳ ಕೆನ್ನೆಗೆ ಕೈ ಬೀಸಿದ. ಅಷ್ಟೂ ಹೊತ್ತು ಏಟು ತಿಂದ ರಘು ಮೇಲೆದ್ದು ಆ ಕೈಯನ್ನು ಗಾಳಿಯಲ್ಲೇ ಹಿಡಿದು ತಿರುಚಿದ.

"ನಂಗೆಷ್ಟಾರ ಒಡಿ. ಅವ್ಳ ಮುಟ್ಟಿದ್ರೆ ಈ ಕೈ ಮುರೀತೀನಿ."

ಶಿವರಾಜು ತಂಗಿಯ ಭುಜ ನೋಡಿದ. ರವಿಕೆ ತೋಳೆಲ್ಲ ರಕ್ತ. ಅದು ತಾನೇ ಹರಿಸಿದ್ದು. ಕೈ ಸಡಿಲವಾಯಿತು, ಕಣ್ಣು ತುಂಬಿತು.

"ಅಪ್ಪ ಮಚ್ಚು ತಗತನೆ ಕಣವ್ವ."

"ತಗಳ್ಳಿ."

ಶಿವರಾಜು ಮಗುಚಿದ ಮೇಜನ್ನು ಎತ್ತಿ ನಿಲ್ಲಿಸಿದ. "ನಾನೂ ಉಂಡಾಯ್ತಲ್ಲ, ಇನ್ನೇನ್ ಮುಚ್ಚಿಡದು. ಮೊದ್ಲು ಆಸ್ಪತ್ರೆ, ಆಮೇಲ್ ಮನೆ. ಅಪ್ಪನ ಮುಂದ್ಕೆ ನಾನೇ ನಿಂತ್ಕತೀನಿ. ನೀನೂ ಬಾರ್ಲಾ." ಬೈಕಿನ ಕಡೆ ನಡೆದ.

ರಘು ಟವೆಲಿನಿಂದ ಅವಳ ಭುಜ ಒತ್ತಿ ಹಿಡಿದ.

"ಇನ್ಮೇಲೆ ನಂಗೋಸ್ಕರ ಸುಳ್ಳೇಳ್ಬೇಡ" ಎಂದಳು.

"ನಿಮ್ಮಪ್ಪ ಯಾಕ್ ಬಂದೆ ಅಂತ ಕೇಳಿದ್ರೆ?"

"ನಿಮ್ಮ ಮಗ್ಳು ಬೇಕು ಅನ್ನು..."