ತಮಾಷೆ ಬಂಗ್ಲೆಯ ಹೊಸ್ತಿಲು

ಭಾನುವಾರ ಮಧ್ಯಾಹ್ನ ಕಬ್ಬನ್ ಪಾರ್ಕಿನ ತಮಾಷೆ ಬಂಗ್ಲೆಯಲ್ಲಿ ಗೋವಿಂದಮ್ಮ ತನ್ನ ಗಂಡನನ್ನು ಕಂಡಳು. ಸ್ವಂತ ಗಂಡನೇ! ಮದುವೆಯ ಅರಿಶಿನ ಇನ್ನೂ ಮಾಸಿರಲಿಲ್ಲ. ಅವನೂ ಇವಳನ್ನು ಕಂಡ. ಕಂಡವನು ಬಾಗಿಲಿಂದಲೇ ಹಿಂದಕ್ಕೆ ತಿರುಗಿ ಸರಸರನೆ ನಡೆದೇಬಿಟ್ಟ.

ಮ್ಯೂಸಿಯಂ ಅಂತ ಅದರ ಸರಿಯಾದ ಹೆಸರು. ಹಲಸೂರಿನ ಅಜ್ಜಿಯರ ಬಾಯಲ್ಲಿ ಮಾತ್ರ ತಮಾಷೆ ಬಂಗ್ಲೆ. ಆಷಾಢಕ್ಕೆಂದು ತವರಿಗೆ ಬಂದ ಮೊಮ್ಮಗಳ ಬೇಜಾರು ಕಳೆಯಲಿ ಅಂತ ಅಜ್ಜಿ ಚಿಕ್ಕಮುನಿಯಮ್ಮ ಜಟಕಾ ಮಾಡಿಸಿಕೊಂಡು ಕರೆತಂದಿದ್ದಳು. ಬೇಜಾರು ಎಲ್ಲಿ ಕಳೆಯಿತು? ಇಮ್ಮಡಿಯಾಯಿತು.

ಆಷಾಢದಲ್ಲಿ ಅಳಿಯ ಮಾವನ ಮನೆ ಹೊಸ್ತಿಲು ತುಳಿಯಬಾರದು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಒಪ್ಪೋಣ. ಆದರೆ ತಮಾಷೆ ಬಂಗ್ಲೆ ಯಾವ ಮಾವನ ಮನೆ? ಒಂದು ಮಾತಾಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕೃಷ್ಣರಾಜಪುರದ ಮನೆಯಲ್ಲಿದ್ದಾಗಲೂ ಆದಿನಾರಾಯಣ ಅವಳೆದುರು ಬಾಯಿಬಿಟ್ಟದ್ದು ಒಂದೇ ಸಲ. ಅವಳು ಮೊದಲ ಸಲ ಸಾರು ಮಾಡಿ ಬಡಿಸಿದಾಗ, ನೆಂಟರ ಪಂಕ್ತಿಯಲ್ಲಿ ಕೂತು, "ಉಪ್ಪು ಸಾಕು" ಅಂದಿದ್ದ.

ಆ ವಾರವೆಲ್ಲ ಗೋವಿಂದಮ್ಮ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬೀದಿಯಲ್ಲಿ ಮಿಲ್ಟ್ರಿ ಲಾರಿ ಸದ್ದಾದರೂ ಬಾಗಿಲಿಗೆ ಓಡುವಳು. ಎದುರಿಗೇ ಹಾಲು ಉಕ್ಕಿ ಚೆಲ್ಲಿದರೂ ನೋಡುತ್ತ ನಿಲ್ಲುವಳು.

"ಅವರಿಗೆ ನಾನು ಹಿಡಿಸಿಲ್ಲ ಅಜ್ಜಿ. ಶ್ರಾವಣ ಬಂದ್ರೂ ನಾನು ಹೋಗಲ್ಲ."

"ಥೂ, ಬಿಡ್ತು ಅನ್ನು! ನಡಿ, ಚಾಮುಂಡಿ ಹರಕೆ ಹಾಗೇ ಉಳಿದಿದೆ. ಮೈಸೂರು ನೋಡಿದ್ರಾದ್ರೂ ನಿನ್ನ ತಲೆ ಸರಿಹೋಗುತ್ತೇನೋ."

ಮೈಸೂರಿಗೆ ಹೋದದ್ದಾಯಿತು. ಅಜ್ಜಿ ಅರಮನೆಯ ಗೋಪುರ ತೋರಿಸಿದರೆ ಇವಳ ಕಣ್ಣು ಬೀದಿಯ ಗಂಡಸರ ಬೆನ್ನಿನ ಮೇಲೆ. ಬೇಡ ಅಂದುಕೊಂಡಷ್ಟೂ ಹುಡುಕುವ ಹಾಳು ಕಣ್ಣು! ಶುಕ್ರವಾರ ಬೆಳಿಗ್ಗೆ ಛತ್ರದಲ್ಲಿ ಬುತ್ತಿಗೆ ಚಿತ್ರಾನ್ನ ಕಲಸುವಾಗಲೂ ಅವಳ ಮನಸ್ಸು ತಮಾಷೆ ಬಂಗ್ಲೆಯ ಬಾಗಿಲಲ್ಲೇ ಇತ್ತು.

ದೇವಿಯ ದರ್ಶನ ಮುಗಿಸಿ ಮೆಟ್ಟಿಲಿಳಿಯುತ್ತ ನಂದಿಯ ಹತ್ತಿರ ಬಂದರೆ, ಅಲ್ಲಿ ಬೆವರೊರೆಸುತ್ತ ನಿಂತಿದ್ದಾನೆ ಆದಿನಾರಾಯಣ!

"ಏನಪ್ಪಾ ಅಳಿಯಂದ್ರೇ, ಆಷಾಢದಲ್ಲಿ ಹೀಗಾ?" ಅಜ್ಜಿ ಅಡ್ಡ ನಿಂತಳು.

"ಇಲ್ಲಿ ಹೊಸ್ತಿಲೆಲ್ಲಿದೆ ಅಜ್ಜಿ? ಬರೀ ಮೆಟ್ಲು. ನೀವು ಬರೋದನ್ನ ಮಾವನವರೇ ನಮ್ಮ ವಿಮಾನದ ಫ್ಯಾಕ್ಟರೀಲಿ ಎಲ್ರಿಗೂ ಹೇಳಿದ್ರು. ಒಂದು ದಿನ ರಜಾ ಹಾಕ್ದೆ."

ಅಜ್ಜಿ ನಗು ನುಂಗಿಕೊಂಡಳು. "ನಂಗೆ ದೂರದ್ದು ಕಾಣಲ್ಲಪ್ಪ," ಎನ್ನುತ್ತ ನಂದಿಗೆ ಪ್ರದಕ್ಷಿಣೆ ಹೊರಟಳು.

ಗೋವಿಂದಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ಬಂತು. "ಅವತ್ತು ನನ್ನ ಮುಖ ನೋಡಿ ಓಡಿಹೋದೋರು, ಇವತ್ತು ಯಾಕೆ ಬಂದ್ರಿ?"

"ಅಯ್ಯೋ, ನನ್ನ ಹಿಂದೇನೇ ಅಮ್ಮ ಇದ್ಲು ಕಣೇ! ನೀನಾಗಲೇ ಒಳಗೆ ದಾಟಿದ್ದೆ. ಅಮ್ಮನೂ ಅದೇ ಹೊಸ್ತಿಲು ದಾಟಿ ನಿನ್ನ ನೋಡಿದ್ರೆ ಆಮೇಲೆ ಹಸು ಹಾಲು ಕೊಡದಿದ್ರೂ ಸೊಸೇದೇ ತಪ್ಪು ಅನ್ನೋಳು, ಜೀವಮಾನ ಪೂರ್ತಿ. ಹೊಟ್ಟೆನೋವು ಅಂತ ಸುಳ್ಳು ಹೇಳಿ ವಾಪಸ್ ಕರ್ಕೊಂಡು ಹೋದೆ. ಮನೇಲಿ ಓಮಿನ ಕಷಾಯ ಕುಡಿಸಿದ್ಲು, ಎರಡು ಲೋಟ."

ಅವನ ಮುಖ ಈಗಲೂ ಹುಳ್ಳಗಾಯಿತು. ಗೋವಿಂದಮ್ಮ ಸೆರಗು ಬಾಯಿಗೊತ್ತಿಕೊಂಡಳು. ನಗು ತಡೆಯಲಾಗಲಿಲ್ಲ.

"ಹಸಿವಾಗಿದೆಯಾ?" ಕೇಳಿ ಬುತ್ತಿ ಬಿಚ್ಚಿದಳು. ಅವನು ತಲೆಯೆತ್ತದೆ ಉಂಡ. ಅವಳು ಅವನ ಕಿವಿಯ ಹಿಂದಿನ ಗ್ರೀಸ್ ಕಲೆ ನೋಡುತ್ತ ಕೂತಳು. ಒರೆಸಲು ಕೈ ತುಡಿಯಿತು.

"ಉಪ್ಪು ಸರಿ ಇದೆಯಾ?"

"ಸಾಕು."

ಅವಳೊಂದು ತುತ್ತು ಬಾಯಿಗಿಟ್ಟಳು. ಇಡೀ ಬುತ್ತಿಯಲ್ಲಿ ಒಂದು ಹರಳು ಉಪ್ಪಿರಲಿಲ್ಲ.

"ಉಪ್ಪೇ ಹಾಕಿಲ್ಲವಲ್ರೀ ಇದಕ್ಕೆ!" ಅಂದವಳಿಗೆ ತಟ್ಟನೆ ಏನೋ ಹೊಳೆಯಿತು. ಆಮೇಲೆ ಮೆಲ್ಲಗೆ ಕೇಳಿದಳು. "ಅವತ್ತಿನ ಸಾರು?"

"ಸಮುದ್ರ," ಅಂದ ಅವನು. "ಅಮ್ಮ ಬಾಯಿ ತೆಗೆಯೋದರಲ್ಲಿದ್ಲು. ಅಷ್ಟು ಜನರ ಮುಂದೆ ನಿನ್ನ ಬೈಯ್ಸೋಕೆ ಮನಸ್ಸಾಗ್ಲಿಲ್ಲ. ಅದಕ್ಕೇ ಮೊದಲು ನಾನೇ ಸಾಕು ಅಂದ್ಬಿಟ್ಟೆ."

ಗೋವಿಂದಮ್ಮನ ಕಣ್ಣು ತುಂಬಿತು. ಮಾತಾಡದ ಗಂಡ ಅಂತ ಇಷ್ಟು ದಿನ ಇವನ ಮೇಲೆ ಕೊರಗಿದ್ದೇ ಬಂತು! ಅವಳು ಎಲೆ ಎಳೆದುಕೊಳ್ಳಲು ಹೋದಳು. "ಬಿಡಿ, ಸಪ್ಪೆ."

"ಕೊಡೇ ಇಲ್ಲಿ. ನಂಗಿಷ್ಟ." ಎಲೆಯ ಜೊತೆ ಅವಳ ಬೆರಳನ್ನೂ ಹಿಡಿದ. "ಚಿತ್ರಾನ್ನ ಮಾತ್ರ ಅಲ್ಲ."

ಅಜ್ಜಿಯ ಪ್ರದಕ್ಷಿಣೆ ಮುಗಿಯಿತು. ಅಳಿಯನನ್ನು ಅಲ್ಲೇ ಬಿಟ್ಟು ಅಜ್ಜಿ ಮೊಮ್ಮಗಳು ಇಳಿದರು. ತಿರುವಿನಲ್ಲಿ ಗೋವಿಂದಮ್ಮ ತಿರುಗಿ ನೋಡಿದಳು. ಅವನು ಇನ್ನೂ ನಿಂತಿದ್ದ. ಅವಳ ಕಾಲು ಮುಂದಕ್ಕೆ ಏಳಲೊಲ್ಲದು.

"ಅಜ್ಜಿ," ಅಂದಳು, "ಶ್ರಾವಣಕ್ಕೆ ಇನ್ನೆಷ್ಟು ದಿನ ಇದೆ?"