ಇಪ್ಪತ್ತು ನಿಮಿಷದ ಸಾಕ್ಷಿ

ಕಾರಣವಿಲ್ಲದೆ ಯಾರೂ ಸೆಕ್ಯೂರಿಟಿ ಗಾರ್ಡನ್ನು ನೋಡಿ ನಗುವುದಿಲ್ಲ. ಹೊಸೂರಿನ ಆ ಬಿಡಿಭಾಗಗಳ ಫ್ಯಾಕ್ಟರಿಯ ಗೇಟಿನಲ್ಲಿ ನಾಲ್ಕು ವರ್ಷ ನಿಂತು ಶಶಿಕಲಾ ಕಲಿತ ಪಾಠ ಅದು. ನಗುವವನ ಹತ್ತಿರ ಒಂದೋ ಪಾಸ್ ಇರುವುದಿಲ್ಲ, ಇಲ್ಲವೇ ಚೀಲದಲ್ಲಿ ಏನೋ ಇರುತ್ತದೆ.

ಹಾಗಾಗಿ ಕ್ಯಾಂಟೀನಿಗೆ ತರಕಾರಿ ಇಳಿಸಿ ಹೊರಟ ಟೆಂಪೋದ ಹೊಸ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ನಕ್ಕಾಗ, ಅವಳು ಅವನನ್ನು ಕೆಳಗಿಳಿಸಿ ಇಪ್ಪತ್ತನಾಲ್ಕು ಖಾಲಿ ಕ್ರೇಟುಗಳನ್ನೂ ತೆಗೆದು ತೋರಿಸಲು ಹೇಳಿದಳು. ಅವನು ಬೇಸರವಿಲ್ಲದೆ ಒಂದೊಂದನ್ನೇ ಇಳಿಸಿ, ಬೋರಲು ಹಾಕಿ ತೋರಿಸಿದ.

"ಟೈರಿನ ಗಾಳಿನೂ ಬಿಟ್ಟು ತೋರಿಸ್ಲಾ ಮೇಡಂ?" ಎಂದ.

ಅವಳು ನಗಲಿಲ್ಲ. ಪುಸ್ತಕದಲ್ಲಿ ಹೆಸರು, ಊರು ಬರೆದುಕೊಂಡಳು: ಉಮಾಶಂಕರ್, ತಳಿ.

ಆ ದಿನಗಳಲ್ಲಿ ಶಶಿಕಲಾಳ ತಲೆಯಲ್ಲಿ ಇದ್ದದ್ದು ಒಂದೇ, ಸೆಕ್ಯೂರಿಟಿ ಆಫೀಸರ್ ಆಯ್ಕೆಯ ಓಟ. ಸಾವಿರದ ಆರುನೂರು ಮೀಟರನ್ನು ಒಂಬತ್ತು ನಿಮಿಷದಲ್ಲಿ ಮುಗಿಸಬೇಕು. ಹಿಂದಿನ ಸಲ ಅರ್ಧದಲ್ಲೇ ಪಕ್ಕೆ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಾಗ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ದಿನಕ್ಕೆ ಹನ್ನೆರಡು ಗಂಟೆ ನಿಂತ ಕಾಲುಗಳು ಓಡುವುದನ್ನೇ ಮರೆತಿದ್ದವು.

ಅಂದಿನಿಂದ ಹನ್ನೊಂದು ಗಂಟೆಯ ಬನ್ನು, ಟೀ ಬಿಟ್ಟಳು. ಬೆಳಿಗ್ಗೆ ರಾಗಿ ಅಂಬಲಿ, ನೆನೆಸಿದ ಕಡಲೆಬೀಜ. ಆರೂವರೆಗೆ ಡ್ಯೂಟಿ ಆದರೂ ಆರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಕಾಂಪೌಂಡಿನ ಒಳರಸ್ತೆಯಲ್ಲಿ ಓಡುತ್ತಿದ್ದಳು. ಸೆಕ್ಯೂರಿಟಿ ಹೆಡ್ ಗೋಪಾಲಪ್ಪ ಸೈನ್ಯದಿಂದ ನಿವೃತ್ತರಾದವರು. ಅದಕ್ಕೆ ಅನುಮತಿ ಕೊಟ್ಟಿದ್ದರು. ಮೈ ಏಳದ ದಿನವೂ ಶೂ ಕಟ್ಟಿಕೊಂಡರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಅವಳಿಗೆ ತಿಳಿಯತೊಡಗಿತ್ತು. ಆದರೂ ಸಮಯ ಹನ್ನೊಂದು ನಿಮಿಷಕ್ಕಿಂತ ಕೆಳಗೆ ಇಳಿಯಲಿಲ್ಲ.

ಕ್ಯಾಂಟೀನಿನವರು ತರಕಾರಿ ಇಳಿಸುವ ತನಕ ಉಮಾಶಂಕರ್‌ಗೆ ಕೆಲಸವಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಕ್ಯಾಂಟೀನ್ ಮೆಟ್ಟಿಲ ಮೇಲಿಂದ, ಅವಳು ಉಸಿರನ್ನು ಬಾಯಲ್ಲಿ ಎಳೆಯುತ್ತಿರುವುದರಿಂದಲೇ ಪಕ್ಕೆ ಹಿಡಿಯುತ್ತದೆ ಎಂದು ಹೇಳಿದ. ಟೆಂಪೋ ಡ್ರೈವರಿಗೆ ಗಾರ್ಡಿನ ಉಸಿರಿನ ಮೇಲೆ ಯಾಕೆ ಕಣ್ಣು ಎಂದು ಅವಳಿಗೆ ಅನುಮಾನವಾಯಿತು. ಮರುದಿನ ಅವನು ಕ್ಯಾನ್ವಾಸ್ ಶೂ ಹಾಕಿಕೊಂಡು ರಸ್ತೆಯಲ್ಲೇ ನಿಂತಿದ್ದ.

ಪೊಲೀಸ್ ಕೆಲಸಕ್ಕೆಂದು ಕೃಷ್ಣಗಿರಿಯಲ್ಲಿ ಎರಡು ವರ್ಷ ತಯಾರಿ ಮಾಡಿದ್ದನಂತೆ. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಕಡಿಮೆ ಬಿದ್ದಿತ್ತು.

"ಓಡೋದು ಬಂತು, ಎತ್ತರ ಬರ್ಲಿಲ್ಲ," ಎಂದ.

ತರಕಾರಿ ಕಂಟ್ರಾಕ್ಟರ್ ಕಡೆಯವರು ಕ್ಯಾಂಟೀನ್ ದಾಟಿ ಬರುವಂತಿಲ್ಲ. ಅವನನ್ನು ಹಿಂದಕ್ಕೆ ಕಳಿಸುವುದು ಅವಳ ಕರ್ತವ್ಯವಾಗಿತ್ತು. ಅವಳು ಕಳಿಸಲಿಲ್ಲ. ಅವತ್ತು ಮೊಬೈಲಿನ ಸ್ಟಾಪ್‌ವಾಚ್ ಇಪ್ಪತ್ತು ಸೆಕೆಂಡ್ ಕಡಿಮೆ ತೋರಿಸಿತು.

ಹೀಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ಐದು ವಾರ ನಡೆಯಿತು. ತಿರುವಿನಲ್ಲಿ ಅವನು ಒಂದು ಹೆಜ್ಜೆ ಹಿಂದುಳಿದು ಒಳಗಿನ ದಾರಿಯನ್ನು ಅವಳಿಗೆ ಬಿಡುತ್ತಿದ್ದ. ಅವಳು ದಣಿದಾಗ ಮುಖ ನೋಡುತ್ತಿರಲಿಲ್ಲ. ಚೇತರಿಸಿಕೊಂಡ ಮೇಲೆ ಮಾತ್ರ ಕಡೆಗಣ್ಣಿನಲ್ಲಿ ನೋಡಿ, ಹುಬ್ಬು ತುಸು ಎತ್ತುತ್ತಿದ್ದ. ಆ ಹುಬ್ಬಿಗಾಗಿ ತಾನು ಕಾಯುತ್ತಿದ್ದೇನೆ ಎಂದು ಗೊತ್ತಾದ ದಿನ ಶಶಿಕಲಾಳಿಗೆ ಸಿಟ್ಟು ಬಂತು. ಇವನಿಗೆ ನನ್ನಿಂದ ಏನು ಬೇಕು?

ಅದಕ್ಕೇ ಅವನ ಜೊತೆ ನಕ್ಕ ದಿನ ಗೇಟಿನಲ್ಲಿ ತಪಾಸಣೆಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಳು.

ಒಂದು ಗುರುವಾರ, ಕೊನೆಯ ಸಾಲಿನ ಕ್ರೇಟೊಂದರ ತಳದಲ್ಲಿ ಒದ್ದೆ ಗೋಣಿಚೀಲ ಸಿಕ್ಕಿತು. ಒಳಗೆ ನಾಲ್ಕು ಕಿಲೋದಷ್ಟು ಹಿತ್ತಾಳೆಯ ಬಿಡಿಭಾಗಗಳು.

ಉಮಾಶಂಕರ್ ಚೀಲ ನೋಡಿದ, ಆಮೇಲೆ ಅವಳನ್ನು ನೋಡಿದ. "ಇದು ನಂದಲ್ಲ," ಎಂದ. ಅವಳು ಗೋಪಾಲಪ್ಪನವರಿಗೆ ಫೋನ್ ಮಾಡಿದಳು, ವರದಿ ಬರೆದು ಸಹಿ ಹಾಕಿದಳು. ಅವನನ್ನು ಮಧ್ಯಾಹ್ನದ ತನಕ ಸೆಕ್ಯೂರಿಟಿ ರೂಮಿನಲ್ಲಿ ಕೂರಿಸಿದರು. ಸಂಜೆಯ ಹೊತ್ತಿಗೆ ಕಂಟ್ರಾಕ್ಟರ್ ಅವನನ್ನು ಕೆಲಸದಿಂದ ತೆಗೆದಿದ್ದ. ವಿಚಾರಣೆ ಮುಗಿಸಿ ಸೋಮವಾರ ಪೊಲೀಸ್ ಕಂಪ್ಲೇಂಟ್ ಕೊಡುವುದೆಂದು ತೀರ್ಮಾನವಾಯಿತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಇಪ್ಪತ್ತು ನಿಮಿಷ ಅವಳ ಎದುರು ಬಂದು ನಿಂತಿತು. ಚೀಲ ತುಂಬಿದ್ದು ಯಾರೇ ಆಗಲಿ, ಟೆಂಪೋ ಕ್ಯಾಂಟೀನ್ ಹಿಂದೆ ನಿಂತಿರುವ ಆ ಹೊತ್ತಿನಲ್ಲೇ ತುಂಬಿರಬೇಕು. ಆಗ ಅವನು ತನ್ನ ಜೊತೆ ಓಡುತ್ತಿದ್ದ. ಹಾಗಾದರೆ ತನ್ನನ್ನು ಆ ಕಡೆ ನೋಡದಂತೆ ಹಿಡಿದಿಡುವುದೇ ಅವನ ಪಾಲಿನ ಕೆಲಸವಾಗಿತ್ತೇ? ಕ್ಯಾಂಟೀನ್ ಹಿಂದೆ ಜಲ್ಲಿ ಸಡಿಲವಾಗಿದೆ, ಕಾಲು ಉಳುಕುತ್ತದೆ, ಅಲ್ಲಿಗೆ ಮುಂಚೆಯೇ ತಿರುಗೋಣ ಎಂದವನೂ ಅವನೇ.

ಶುಕ್ರವಾರ ಅವಳು ಓಡಲಿಲ್ಲ. ಕ್ಯಾಂಟೀನ್ ಹಿಂದೆ ನಡೆದು ಹೋಗಿ ನೋಡಿದಳು. ಪೈಪಿಗೆಂದು ಅಗೆದು ಮುಚ್ಚಿದ ಜಾಗ. ಜಲ್ಲಿ ನಿಜವಾಗಿಯೂ ಸಡಿಲವಾಗಿತ್ತು, ಹೆಜ್ಜೆ ಜಾರಿತು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ, ಅಲ್ಲೇ ಕೂತಿದ್ದೆ ಎಂದಷ್ಟೇ ಅವನು ಹೇಳಿದ್ದನೆಂದು ಗೋಪಾಲಪ್ಪನವರಿಂದ ತಿಳಿಯಿತು. ಶಶಿಕಲಾಳ ಹೆಸರು ಎತ್ತಿರಲಿಲ್ಲ. ಅವಳನ್ನು ಉಳಿಸಲು ಸುಮ್ಮನಿದ್ದನೋ, ತನ್ನನ್ನು ಉಳಿಸಿಕೊಳ್ಳಲೋ? ಅವನು ನಿರಪರಾಧಿ ಎಂದುಕೊಂಡರೆ ಅವಳಿಗೆ ತಾನೇ ಮೋಸ ಹೋಗುತ್ತಿದ್ದೇನೆ ಎನ್ನಿಸುತ್ತಿತ್ತು. ಕಳ್ಳ ಎಂದುಕೊಂಡರೆ ಊಟ ಇಳಿಯುತ್ತಿರಲಿಲ್ಲ. ತಾಯಿ ಬೈರಮ್ಮ, ಓಟ ಯಾಕೆ ನಿಲ್ಲಿಸಿದೆ, ಮೈ ಸರಿ ಇಲ್ವಾ ಎಂದು ಎರಡು ಸಲ ಕೇಳಿದಳು.

ಶನಿವಾರ ಬೆಳಿಗ್ಗೆ ಶಶಿಕಲಾ ಒಂದು ಹಾಳೆ ತೆಗೆದುಕೊಂಡು ತಮಿಳಿನಲ್ಲಿ ಹೇಳಿಕೆ ಬರೆದಳು. ಅವಳು ಓದಿದ್ದೆಲ್ಲ ತಮಿಳು ಮೀಡಿಯಂ. ಐದು ವಾರಗಳಿಂದ ಆ ವೇಳೆಯಲ್ಲಿ ಡ್ರೈವರ್ ಉಮಾಶಂಕರ್ ತನ್ನ ಜೊತೆ ಓಡುತ್ತಿದ್ದ, ನಿಯಮ ಮೀರಿ ತಾನೇ ಅದಕ್ಕೆ ಬಿಟ್ಟಿದ್ದೆ, ಗುರುವಾರವೂ ಅವನು ಟೆಂಪೋ ಹತ್ತಿರ ಇರಲಿಲ್ಲ, ಚೀಲ ಇಟ್ಟವರು ಬೇರೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ಈ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು.

ಗೋಪಾಲಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು.

"ಇದ ಕೊಟ್ರೆ ಈ ಸಲ ಲಿಸ್ಟಲ್ಲಿ ನಿನ್ನ ಹೆಸ್ರು ಇರಲ್ಲಮ್ಮ."

"ಗೊತ್ತು ಸಾರ್."

"ಅವನು ಒಳ್ಳೇವ್ನು ಅಂತ ನಂಬ್ತೀಯಾ?"

"ನೋಡಿದ್ದಷ್ಟೇ ಬರೆದಿದ್ದೀನಿ ಸಾರ್," ಎಂದಳು. 

ಕಂಪ್ಲೇಂಟ್ ತಡೆಹಿಡಿದು, ಗೋಪಾಲಪ್ಪ ಕ್ಯಾಂಟೀನ್ ಹಿತ್ತಲಿನ ಮೇಲೆ ಸದ್ದಿಲ್ಲದೆ ಒಬ್ಬನನ್ನು ಕಾವಲಿಟ್ಟರು. ಬುಧವಾರ ಕ್ಯಾಂಟೀನಿನ ಸ್ಟೋರ್ ನೋಡಿಕೊಳ್ಳುತ್ತಿದ್ದ ಚಲಪತಿ, ಉಮಾಶಂಕರ್ ಜಾಗಕ್ಕೆ ಬಂದ ಡ್ರೈವರಿನ ಕ್ರೇಟಿನಲ್ಲಿ ಅಂಥದೇ ಚೀಲ ಇಡುವಾಗ ಸಿಕ್ಕಿಬಿದ್ದ. ಹೊರಗೆ ಕಂಟ್ರಾಕ್ಟರ್ ಹತ್ತಿರ ಖಾಲಿ ಕ್ರೇಟು ತೊಳೆಯುವವನು ಅವನ ನೆಂಟ. ಚೀಲ ಅಲ್ಲಿ ಇಳಿಯುತ್ತಿತ್ತು. ಗಾಡಿ ಓಡಿಸುವ ಯಾರಿಗೂ ಇದು ಗೊತ್ತಿಲ್ಲ ಎಂದು ಅವನೇ ಒಪ್ಪಿಕೊಂಡ.

ನಿಯಮ ಮೀರಿದ್ದಕ್ಕೆ ಶಶಿಕಲಾಳ ಕೈಗೆ ಮೆಮೊ ಬಂತು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮುಂದಿನ ಓಟ ಆರು ತಿಂಗಳ ನಂತರ.

ಭಾನುವಾರ ಅವಳು ತಳಿಯ ಬಸ್ಸು ಹತ್ತಿದಳು. ಉಮಾಶಂಕರ್ ರಸ್ತೆ ಪಕ್ಕದ ತೋಟದಲ್ಲಿ ಪುದೀನ ಕಟ್ಟು ಕಟ್ಟುತ್ತಿದ್ದ. ಅವಳನ್ನು ನೋಡಿ ಏಳಲಿಲ್ಲ, ಆದರೆ ಕೂರಲು ಗೋಣಿತಾಟನ್ನು ಇತ್ತ ಸರಿಸಿದ. ತಂಪು ಗಾಳಿಗೆ ಪುದೀನದ ವಾಸನೆ ಸುತ್ತಲೂ ಹರಡಿತ್ತು. ಅವಳು ಮೊದಲ ಬಾರಿಗೆ ಯೂನಿಫಾರಂ ಇಲ್ಲದೆ ಅವನ ಎದುರು ಕೂತಿದ್ದಳು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಗೋಪಾಲಪ್ಪ ಸಾರ್ ಫೋನ್ ಮಾಡಿದ್ರು. ನೀವು ಬರೆದಿದ್ದು ಓದಿ ಹೇಳಿದ್ರು. ಕೊನೇ ಸಾಲೂ ಓದಿದ್ರು," ಎಂದ.

"ಅವತ್ತು ಅದು ನಿಜ. ನಂಗೆ ಗೊತ್ತಿರ್ಲಿಲ್ಲ."

"ಕದ್ದೆ ಅಂದ್ಕೊಂಡಿದ್ದಕ್ಕೆ ಬೇಜಾರಿಲ್ಲ ಮೇಡಂ. ಅದು ನಿಮ್ಮ ಡ್ಯೂಟಿ. ನಿಮ್ಮ ಜೊತೆ ಓಡಿದ್ದೂ ನಾಟಕ ಅಂದ್ಕೊಂಡ್ರಲ್ಲ, ಅದಕ್ಕೆ."

ಅವಳು ಒಂದು ಪುದೀನ ಕಡ್ಡಿ ಕಿತ್ತು ಬೆರಳಲ್ಲಿ ಹೊಸಕಿದಳು. ತಪ್ಪಿಸಿಕೊಳ್ಳಲು ಬೇಕಾದಷ್ಟು ಮಾತುಗಳಿದ್ದವು. ಯಾವುದನ್ನೂ ಆಡಲಿಲ್ಲ.

"ಅಂದ್ಕೊಂಡೆ. ಹಿತ್ತಾಳೆ ಹೋದ್ರೆ ಕಂಪನಿಗೆ ಲಾಸು. ಆ ಓಟ ಸುಳ್ಳಾಗಿದ್ರೆ ನಂಗೆ ಲಾಸು. ಅದಕ್ಕೇ ಎರಡು ದಿನ ಅನ್ನ ಸೇರ್ಲಿಲ್ಲ."

ಅವನ ಕೈ ಕಟ್ಟಿನ ಮೇಲೆ ಹಾಗೇ ನಿಂತಿತು. ತನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಓಟಕ್ಕೆ ಮೂರೇ ವಾರ ಇತ್ತಲ್ಲ ಎಂದ.

ಅವಳು ರಾಶಿಯಿಂದ ಒಂದು ಹಿಡಿ ಪುದೀನ ತೆಗೆದು ತಾನೂ ಕಟ್ಟತೊಡಗಿದಳು.

"ಇನ್ಮೇಲೂ ಅನುಮಾನ ಪಡ್ತೀರಾ?" ಎಂದು ಅವನೇ ಕೇಳಿದ.

"ಪಡ್ತೀನಿ. ಅಭ್ಯಾಸ ಆಗ್ಬುಟ್ಟದೆ. ಆದ್ರೆ ಮೊದ್ಲು ನಿನ್ನತ್ರಾನೇ ಬಂದು ಕೇಳ್ತೀನಿ."

ಆ 'ನಿನ್ನ' ಎಂಬುದು ಅವನ ಕಿವಿಗೆ ಬಿತ್ತು. ಬಗ್ಗಿಸಿದ ತಲೆ ಎತ್ತಿದ. ಹುಬ್ಬು ಎತ್ತಲಿಲ್ಲ, ನಗಲೂ ಇಲ್ಲ. "ಕೇಳು ಮತ್ತೆ," ಎಂದ.

"ಓಟ ಕಲಿಸೋಕೆ ಬತ್ತಿದ್ಯಾ, ನನ್ನ ನೋಡೋಕೆ ಬತ್ತಿದ್ಯಾ?"

"ಮೊದಲ್ನೇ ದಿನ ಕಲಿಸೋಕೆ."

"ಆಮೇಲೆ?"

"ಎರಡನೇ ದಿನದಿಂದ ನೋಡೋಕೆ. ಇದೇ ಕಂಟ್ರಾಕ್ಟರ್ ಹತ್ರ ಗಾಡಿ ಓಡಿಸೋ ನಮ್ಮ ಮಾವ ಎಷ್ಟೋ ದಿನ ತಾನೇ ಹೋಗ್ತೀನಿ ಅಂದ್ರೂ ಬಿಡದೆ ಬಂದಿದ್ದೀನಿ." ಅವಳಿಗೆ ಒಪ್ಪಿಗೆಯಿದ್ದರೆ ಮುಂದಿನ ಭಾನುವಾರ ಅಮ್ಮನನ್ನು ಕರೆದುಕೊಂಡು ಬೈರಮ್ಮನವರನ್ನು ಕಾಣಲು ಬರುತ್ತೇನೆ ಎಂದ.

"ಬಾ. ನಮ್ಮಮ್ಮಂಗೆ ನನಗಿಂತ ಜಾಸ್ತಿ ಅನುಮಾನ," ಎಂದಳು ಶಶಿಕಲಾ. ಹೇಳುವಾಗ ಅವಳ ಮುಖ ಕೆಂಪಾಗಿತ್ತು.

ನಾಲ್ಕು ಗಂಟೆಯ ಹೊಸೂರು ಬಸ್ಸು ಬಂದು, ಕೈ ಅಡ್ಡ ಹಾಕುವವರು ಯಾರೂ ಇಲ್ಲದ್ದನ್ನು ನೋಡಿ ಹೊರಟುಹೋಯಿತು. ಅದು ತಿರುವು ದಾಟುವವರೆಗೂ ಇಬ್ಬರೂ ನೋಡುತ್ತಲೇ ಕೂತಿದ್ದರು. ಮುಂದಿನ ಬಸ್ಸು ಆರಕ್ಕೆ.