ಆಸರೆಯ ಹೆಸರು ತಿರುಗಿಸಿದ ಕೈ

"ಆಸರೆಯ ಪುಟ ಮಾಯವಾಗಿದೆ!"

ಸಭಾಕೋಣೆಯಿಂದ ಉಸ್ತುವಾರಿ ಸಮಿತಿಯ ಅಧ್ಯಕ್ಷರು ಬಿರುಸಾಗಿ ಹೊರಬಂದರು. ನಿವೃತ್ತ ಪ್ರಾಂಶುಪಾಲರು, ಅಳೆದು ತೂಗಿ ಮಾತಾಡುವವರು. ಇವತ್ತು ಅವರ ಕತ್ತಿನ ನರ ಉಬ್ಬಿತ್ತು.

ಕಚೇರಿಯ ನಿರ್ದೇಶಕಿ ಕೈಯಲ್ಲಿದ್ದ ಮತಪತ್ರಗಳ ಕಟ್ಟನ್ನು ಮೇಜಿನ ಮೇಲೆ ಹಾಕಿದಳು.

"ಮಾಯ ಅಂದ್ರೆ?"

"ಬೆಳ್ಳಗೆ ಖಾಲಿ. 'ಈ ಜಾಗ ಬಾಡಿಗೆಗಿದೆ' ಅಂತ ಒಂದೇ ಸಾಲು. ಈಗಷ್ಟೇ ಸಭಾಕೋಣೆ ಕಂಪ್ಯೂಟರಿನಲ್ಲಿ ನೋಡಿದೆ. ಗಾಬರಿಯಾಗಿ ಮುಚ್ಚಿಬಿಟ್ಟೆ."

ನಿರ್ದೇಶಕಿ ತನ್ನ ಯಂತ್ರದ ಮುಂದೆ ಕೂತಳು. ನೋಂದಣಿ ದಾಖಲೆಯಲ್ಲಿ ಆಸರೆಯ ಹೆಸರನ್ನು ಹುಡುಕಿದಳು. ಹೆಸರಿನ ಮುಂದೆ ಇರಬೇಕಾದ ವಿಳಾಸ ಇರಲಿಲ್ಲ. ಯಾವುದೋ ದೂರದೇಶದ ಬಾಡಿಗೆ ಯಂತ್ರದ ವಿಳಾಸ ಕೂತಿತ್ತು. ಬೆಳಗಿನ ಚಹಾದ ಹೊತ್ತಿನಲ್ಲಿ ಬದಲಾಗಿದೆ.

ಅವಳು ಸಮಿತಿಯ ವಕೀಲೆಯನ್ನು ಕೂಗಿದಳು.

ಅದು ಅಂತರ್ಜಾಲದ ಹೆಸರುಗಳ ನೋಂದಣಿ ಕಚೇರಿ. ದೇಶದ ಯಾವ ಹೆಸರು ಯಾವ ಯಂತ್ರಕ್ಕೆ ಸೇರಿದ್ದು ಎಂದು ಲೋಕಕ್ಕೆ ಹೇಳುವುದು ಇದರ ಕೆಲಸ. ಕಂಪನಿಯದ್ದಲ್ಲ, ಸರ್ಕಾರದ್ದೂ ಅಲ್ಲ. ಬಳಕೆದಾರರೇ ಆರಿಸಿದ ಉಸ್ತುವಾರಿ ಸಮಿತಿ ಇದನ್ನು ಕಾಯುತ್ತಿತ್ತು. ಇನ್ನು ಮುಂದೆಯೂ ಸಮಿತಿಯೇ ಕಾಯಬೇಕೋ, ಖಾಸಗಿ ಕಂಪನಿಗೆ ಒಪ್ಪಿಸಬೇಕೋ—ಅದನ್ನು ತೀರ್ಮಾನಿಸುವ ಮತದಾನ ಅದೇ ಮಧ್ಯಾಹ್ನ ಇತ್ತು.

ಆಸರೆ, ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸರ ತಂಗುಮನೆ. ಅದನ್ನು ನಡೆಸುವವಳು ನಿರ್ದೇಶಕಿಯ ಸ್ವಂತ ತಂಗಿ. ಕೆಟ್ಟವರ ಕೈಗೆ ಸಿಕ್ಕಬಾರದೆಂದೇ ಆ ಹೆಸರಿಗೆ ಎರಡು ಕೀಲಿಯ ಬೀಗ ಹಾಕಿತ್ತು. ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿಗಳು—ಕಚೇರಿಯದ್ದು ಒಂದು, ಸಮಿತಿಯದ್ದು ಒಂದು; ಎರಡೂ ಕೂಡಿದರೆ ಮಾತ್ರ ವಿಳಾಸ ಬದಲಾದೀತು.

ಬದಲಾಗಿತ್ತು.

ಸಮಿತಿಯ ವಕೀಲೆ ಓಡಿಬಂದು ತನ್ನ ಕೀಲಿ ಸಿಕ್ಕಿಸಿದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಹಳೆಯ ವಿಳಾಸ ಮರಳಿತು. ನಿರ್ದೇಶಕಿ ಉಸಿರು ಬಿಡುವ ಮೊದಲೇ ಮೇಜಿನ ಫೋನು ರಿಂಗಾಯಿತು. ತಂಗಿ.

"ಅಕ್ಕಾ, ಬೆಳಗ್ಗೆಯಿಂದ ನಮಗೆ ಒಂದು ಇಮೇಲೂ ಬಂದಿಲ್ಲ. ನಿಮ್ಮಲ್ಲೇನಾದ್ರೂ ಆಗಿದೆಯಾ?"

"ಆಗಿತ್ತು. ಈಗ ಸರಿ ಮಾಡಿದ್ವಿ."

"ಒಬ್ಬಳು ಇವತ್ತು ಮನೆ ಬಿಡ್ತೀನಿ ಅಂದಿದ್ಲು. ಎಳೇ ಮಗು ಇದೆ. ಎಲ್ಲಿ ನಿಂತಿದೀನಿ ಅಂತ ಇಮೇಲ್ ಹಾಕ್ತೀನಿ ಅಂದ್ಲು. ಫೋನ್ ಮಾಡೋ ಹಾಗಿಲ್ಲ, ಯಾರಿಗೆ ಮಾಡಿದ್ಲು ಅಂತ ಗಂಡನಿಗೆ ಗೊತ್ತಾಗುತ್ತೆ. ಈಗ ಅವಳ ಇಮೇಲ್ ಬರುತ್ತೆ ಅಲ್ವಾ?"

ನಿರ್ದೇಶಕಿ ದಾಖಲೆಯಲ್ಲಿ ವಿಳಾಸ ಬದಲಾದ ಸಮಯವನ್ನು ಮತ್ತೆ ನೋಡಿದಳು.

"ಅಕ್ಕಾ?"

"ಗೊತ್ತಿಲ್ಲ ಕಣೆ. ಫೋನ್ ಹತ್ತಿರಾನೇ ಇರು."

ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ಬಳಕೆದಾರರ ಪ್ರತಿನಿಧಿ ಬಂದು ಕೂತಿದ್ದಳು. ಮೂವತ್ತು ವರ್ಷ ಪತ್ರಿಕೆಗೆ ಕೋರ್ಟು ವರದಿ ಬರೆದ ಹೆಂಗಸು. ಸಮಿತಿಯಲ್ಲಿ ಎಲ್ಲರೂ ಅವಳನ್ನು 'ಪ್ರಶ್ನೆಪತ್ರಿಕೆ' ಎಂದೇ ಕರೆಯುತ್ತಿದ್ದರು, ಅವಳ ಎದುರಿಗೂ.

"ಸರಿ ಮಾಡಿದ ಮೇಲೂ ಯಾಕೆ ಗೊತ್ತಿಲ್ಲ?" ಅಂದಳು.

"ಒಂದು ಹೆಸರಿನ ವಿಳಾಸ ಕೇಳಿದ ಯಂತ್ರಗಳು ಉತ್ತರಾನ ಒಂದು ದಿನ ನೆನಪಿಟ್ಕೊಳ್ತವೆ, ಅಮ್ಮಾ. ಪದೇ ಪದೇ ನಮ್ಮನ್ನ ಕೇಳಲ್ಲ. ಬೆಳಗ್ಗೆ ತಪ್ಪು ವಿಳಾಸ ಕಲಿತವರು ನಾಳೆವರೆಗೂ ತಪ್ಪು ದಾರೀಲೇ ಕಳಿಸ್ತಾರೆ. ಅವಳು ಬರೆದದ್ದು ಆ ಬಾಡಿಗೆ ಯಂತ್ರಕ್ಕೆ ಹೋಗಿ ಬಿದ್ದಿದ್ರೆ, ಅದನ್ನ ಬಾಡಿಗೆಗೆ ತಗೊಂಡವನೇ ಬಾಗಿಲು ತೆಗೆಯೋವರೆಗೂ ನಮಗೆ ಸಿಗಲ್ಲ."

"ಬಾಡಿಗೆ ಕೊಟ್ಟವರನ್ನ ಕೇಳಿದ್ರೆ?"

"ಕೋರ್ಟು ಆದೇಶ ತನ್ನಿ ಅಂತಾರೆ."

"ಅಂದ್ರೆ ಕಳ್ಳನ್ನ ಇಲ್ಲೇ ಹಿಡೀಬೇಕು." ಪ್ರಶ್ನೆಪತ್ರಿಕೆ ಎದ್ದಳು. "ಯಾರೂ ಹೊರಗೆ ಹೋಗ್ಬೇಡಿ. ಕಚೇರಿ ಕೀಲಿ ಯಾರ ಹತ್ತಿರ ಇತ್ತು?"

ತಂತ್ರಜ್ಞ ಮೂಲೆಯಿಂದ ಕೈ ಎತ್ತಿದ. ಕಡ್ಡಿಯಂಥ ಆಳು, ಕಚೇರಿಯಲ್ಲಿ 'ತಂತಿ' ಎಂದರೆ ಅವನೇ.

"ಚಹಾಕ್ಕೆ ಹೋದಾಗ ಜೇಬಲ್ಲಿತ್ತಾ?"

ತಂತಿ ನೆಲ ನೋಡಿದ. "ಯಂತ್ರದಲ್ಲೇ ಇತ್ತು. ಕಿತ್ರೆ ಮತ್ತೆ ಮೊದಲಿಂದ ಒಳಗೆ ಹೋಗ್ಬೇಕು..."

"ದಿನಾ ಹೀಗೇನಾ?"

"...ದಿನಾ."

ನಿರ್ದೇಶಕಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮರುಕ್ಷಣವೇ ತನ್ನ ಕೆನ್ನೆಗೂ.

"ಕಂಪನಿಯವರು ನಿಂಗೆ ಕೆಲಸ ಕೊಡ್ತೀವಿ ಅಂದಿದಾರಂತೆ, ಹೌದಾ?" ಪ್ರಶ್ನೆಪತ್ರಿಕೆ ಬಿಡಲಿಲ್ಲ.

"ಅಂದಿದಾರೆ. ಬೇಡ ಅಂದೆ. ಅವರ ಕ್ಯಾಂಟೀನ್ ಇದಕ್ಕಿಂತ ಕೆಟ್ಟದು."

ಪ್ರಶ್ನೆಪತ್ರಿಕೆ ವಕೀಲೆಯತ್ತ ತಿರುಗಿದಳು. "ಸಮಿತಿ ಕೀಲಿ ಎಷ್ಟು?"

"ಎರಡು. ನನ್ನ ಹತ್ತಿರ ಒಂದು, ಅಧ್ಯಕ್ಷರ ಹತ್ತಿರ ಒಂದು. ಯಾವುದು ಹಾಕಿದ್ರೂ ದಾಖಲೆಯಲ್ಲಿ 'ಸಮಿತಿ' ಅಂತಷ್ಟೇ ಬೀಳುತ್ತೆ. ಎರಡನ್ನೂ ಬೇರೆ ಮಾಡಿ ತೋರ್ಸಿ ಅಂತ ನಾನೇ ಹೇಳಿದ್ದೆ."

"ಚಹಾದ ಹೊತ್ತಲ್ಲಿ ನೀವೆಲ್ಲಿದ್ರಿ?"

"ಇಲ್ಲೇ. ಪ್ರಿಂಟ್ ತೆಗೀತಾ ಇದ್ದೆ."

"ಒಬ್ಬರೇ?"

"ಒಬ್ಬಳೇ. ಅಧ್ಯಕ್ಷರು ಸಭಾಕೋಣೇಲಿ ಕುರ್ಚಿ ಸರಿ ಮಾಡ್ತಿದ್ರು. ನಾನು ಕಾಗದ ತರೋಕೆ ಕೆಳಗೆ ಹೋಗಿ ಬಂದೆ."

"ಆಸರೆಯಲ್ಲಿದ್ದ ಒಬ್ಬಳ ಗಂಡನ ಪರ ನೀವು ವಾದಿಸಿದ್ರಿ, ಅಲ್ವಾ?"

ವಕೀಲೆಯ ಮುಖ ಕೆಂಪಾಯಿತು. "ವಾದಿಸಿದ್ದೆ. ಸೋತೆ. ಸೋತಿದ್ದೇ ಒಳ್ಳೇದಾಯ್ತು ಅಂತಾನೂ ಅನ್ನಿಸ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ನನ್ನ ಫೋನು, ಚೀಲ ಎಲ್ಲ ಹುಡುಕಿ."

"ಫೋನ್ ಎಲ್ಲಿದೆ?"

"ಬಾಗಿಲ ಹತ್ತಿರ ಬುಟ್ಟೀಲಿ. ಮತದಾನದ ದಿನ ಸಮಿತಿಯವರ ಫೋನ್ ಎಲ್ಲ ಬಂದ ಕೂಡಲೇ ಅಲ್ಲೇ ತಾನೆ?"

ಅಧ್ಯಕ್ಷರು ಕೆಮ್ಮಿದರು. "ಕ್ಷಮಿಸಿ. ಒಂದು ವಿಷಯ ಕೇಳ್ಬೇಕು. ಪುಟ ಹೋದ್ರೆ... ಇಮೇಲೂ ಹೋಗುತ್ತಾ?"

"ಹೆಸರು ಒಂದೇ, ಸರ್," ಅಂದಳು ನಿರ್ದೇಶಕಿ. "ಪುಟ, ಇಮೇಲ್, ಎಲ್ಲಾ ಅದರ ಹಿಂದೆಯೇ ಹೋಗುತ್ತೆ."

ಅವರು ಕುರ್ಚಿ ಹಿಡಿದು ಕೂತರು.

ಮತ್ತೆ ಫೋನು. ತಂಗಿಯೇ. "ಅಕ್ಕಾ, ಅವಳ ಮನೆ ಹತ್ತಿರದವರು ಹೇಳ್ತಿದಾರೆ, ಅವಳು ಹೊರಟಾಗಿದೆಯಂತೆ. ಗಂಡನೂ ಹುಡುಕೋಕೆ ಹೊರಟಿದಾನೆ."

ನಿರ್ದೇಶಕಿ ರಿಸೀವರ್ ಇಟ್ಟಳು. ಆ ದೊಡ್ಡ ಊರಿನಲ್ಲಿ ಎಲ್ಲಿ ಅಂತ ಹುಡುಕುವುದು? ಎಷ್ಟು ನಿಲ್ದಾಣ, ಎಷ್ಟು ಮೂಲೆ? ಸಿಟ್ಟಿಗೆ ಗುರಿ ಬೇಕಿತ್ತು. ಗೋಡೆಯ ಮೇಲಿನ ದೊಡ್ಡ ಪರದೆ ಕಣ್ಣಿಗೆ ಬಿತ್ತು.

"ಇದೊಂದು ದಂಡಪಿಂಡ!"

"ಏನದು?" ಪ್ರಶ್ನೆಪತ್ರಿಕೆ ತಲೆ ಎತ್ತಿದಳು.

"ಕಾವಲು ಪರದೆ," ತಂತಿ ಹೇಳಿದ. "ಆಸರೆಯಂಥ ಮುಖ್ಯವಾದ ಹೆಸರುಗಳನ್ನ ಸತತವಾಗಿ ತೆರೆದು ನೋಡ್ತಿರುತ್ತೆ. ಸರಿಯಾದ ಪುಟ ಬಂದ್ರೆ ಹಸಿರು. ಬರದಿದ್ರೆ ಕೆಂಪಾಗಿ ಕಿರಿಚ್ಕೊಳ್ಳುತ್ತೆ."

"ಇವತ್ತು ಕಿರಿಚ್ಕೊಳ್ತಾ?"

"ಎಲ್ಲಿ? ಬೆಳಗ್ಗೆಯಿಂದ ಹಸಿರೇ. ಕೆಟ್ಟಿದೆ ಅನ್ಸುತ್ತೆ."

"ಕೆಟ್ಟಿದೆಯಾ? ಪರೀಕ್ಷೆ ಮಾಡು."

ಅವನು ಇಲ್ಲದ ಹೆಸರೊಂದನ್ನು ಕೊಟ್ಟ. ಪರದೆ ಕೆಂಪಾಗಿ ಅರಚಿತು. ಎಲ್ಲರೂ ಬೆಚ್ಚಿದರು.

"ಕೆಟ್ಟಿಲ್ಲ." ಪ್ರಶ್ನೆಪತ್ರಿಕೆಯ ದನಿ ತಗ್ಗಿತು. "ಈ ಪರದೆ ವಿಳಾಸ ಯಾರನ್ನ ಕೇಳುತ್ತೆ?"

"ಕಚೇರಿಗೆಲ್ಲ ಸೇರಿ ವಿಳಾಸ ನೆನಪಿಟ್ಕೊಳ್ಳೋ ಯಂತ್ರ ಒಂದಿದೆ. ಅದನ್ನ."

"ಸಭಾಕೋಣೆ ಕಂಪ್ಯೂಟರ್?"

"ಅದನ್ನೇ."

ನಿರ್ದೇಶಕಿ ತಟ್ಟನೆ ಎದ್ದು ನಿಂತಳು. ಇಷ್ಟು ಹೊತ್ತು ತನಗೇ ಹೊಳೆಯಲಿಲ್ಲವಲ್ಲ!

"ಈಗ ನನಗೆ ತಿಳಿದಷ್ಟು ಹೇಳ್ತೀನಿ," ಅಂದಳು ಪ್ರಶ್ನೆಪತ್ರಿಕೆ. "ತಪ್ಪಿದ್ರೆ ತಿದ್ದಿ. ಚಹಾದ ಹೊತ್ತಲ್ಲಿ ಹೆಸರು ಬದಲಾಯ್ತು. ಹೊರಗೆ ಕೆಲವರಿಗೆ ತಪ್ಪು ವಿಳಾಸ ಸಿಕ್ತು. ಆದ್ರೆ ಈ ಕಚೇರಿಯ ನೆನಪಲ್ಲಿ ಹಳೇ ವಿಳಾಸ ಇತ್ತು. ಇಲ್ಲಿ ಕೂತವರಿಗೆ ಆಸರೆಯ ಪುಟ ಎಂದಿನಂತೆ ಬರ್ತಾನೇ ಇತ್ತು. ಅದಕ್ಕೇ ಪರದೆ ಹಸಿರಾಗೇ ಉಳೀತು. ಹಳೇ ನೆನಪು ಒಂದು ಕ್ಷಣ ಅಳಿಸಿದ್ರೂ ಅದು ಅರಚ್ತಿತ್ತು. ಅರಚಲಿಲ್ಲ. ನಾವೆಲ್ಲ ಪರದೆ ಸುಳ್ಳು ಹೇಳ್ತು ಅಂದ್ಕೊಂಡ್ವಿ. ಸುಳ್ಳು ಹೇಳಿದ್ದು ಅದಲ್ಲ." ಅವಳು ತಿರುಗಿದಳು. "ಸರ್, ಸಭಾಕೋಣೆ ಕಂಪ್ಯೂಟರಿನಲ್ಲಿ ಖಾಲಿ ಪುಟ ನೋಡಿದೆ ಅಂದ್ರಿ. ಇಡೀ ಕಟ್ಟಡದಲ್ಲಿ ಯಾರಿಗೂ ಕಾಣದ್ದು ನಿಮಗೊಬ್ಬರಿಗೇ ಹೇಗೆ ಕಾಣಿಸ್ತು?"

"ಬಹುಶಃ ನನ್ನ ಫೋನಿನಲ್ಲಿ..."

"ಫೋನು ಬುಟ್ಟೀಲಿದೆ."

ಅಧ್ಯಕ್ಷರು ಬಾಗಿಲ ಹತ್ತಿರದ ಬುಟ್ಟಿಯತ್ತ ನೋಡಿದರು.

"ಅದರಲ್ಲಿ ಬರೆದ ಸಾಲೂ ನಿಮಗೆ ಬಾಯಿಪಾಠ. ಯಾಕಂದ್ರೆ ಆ ಪುಟ ಮೊದಲೇ ಮಾಡಿಟ್ಟಿದ್ದು ನೀವು. ತಂತಿ ಬಿಟ್ಟುಹೋದ ಕೀಲಿ, ನಿಮ್ಮ ಕಿಸೆಯ ಕೀಲಿ, ವಕೀಲೆ ಕೆಳಗೆ ಹೋದ ಸಮಯ. ಇಲ್ಲಿ ಬದಲಾಯಿಸಿದ ಕೂಡಲೇ ಎಲ್ಲ ಕಡೆ ಬದಲಾಗುತ್ತೆ ಅಂದ್ಕೊಂಡ್ರಿ. ತೆರೆದೂ ನೋಡ್ದೆ ಕೂಗಿದ್ರಿ."

"ಬೇಲಿಯೇ ಎದ್ದು ಹೊಲ ಮೇಯ್ದರೆ..." ವಕೀಲೆ ಗೊಣಗಿದಳು.

"ಪುಟ ಮಾತ್ರ ಅಂದ್ಕೊಂಡೆ," ಅಧ್ಯಕ್ಷರು ನೆಲಕ್ಕೆ ಹೇಳಿದರು. "ಸ್ವಲ್ಪ ಹೊತ್ತು, ಯಾರಿಗೂ ನಷ್ಟವಿಲ್ಲ ಅಂದ್ಕೊಂಡೆ. ಕೀಲಿ ಸಿಕ್ಕಿಸಿಟ್ಟು ಚಹಾಕ್ಕೆ ಹೋಗ್ತಾರೆ, ಹೇಳಿದ್ರೆ ನಗ್ತಾರೆ. ನಮ್ಮ ಕೈಲಿ ಇದನ್ನ ಕಾಯೋಕೆ ಆಗಲ್ಲ. ಮತ ಹಾಕೋ ಮುಂಚೆ ಎಲ್ಲರ ಕಣ್ಣಿಗೆ ಕಾಣಿಸ್ಬೇಕಿತ್ತು. ಇಮೇಲ್ ವಿಷಯ ನನಗೆ ಗೊತ್ತಿರಲಿಲ್ಲ... ಈಗಲೇ ಆ ಬಾಡಿಗೆ ಯಂತ್ರದ ಖಾತೆ ಅಳಿಸಿಬಿಡ್ತೀನಿ!"

"ಮುಟ್ಟಬೇಡಿ!" ನಿರ್ದೇಶಕಿ ಕಿರುಚಿದಳು. "ಅಳಿಸಿದ್ರೆ ಅದರಲ್ಲಿರೋ ಇಮೇಲ್‌ಗಳೂ ಸಾಯ್ತವೆ. ಬಾಗಿಲು ತೆಗೀರಿ, ಅಷ್ಟೇ!"

ತಂತಿ ಬುಟ್ಟಿಯಿಂದ ಅಧ್ಯಕ್ಷರ ಫೋನು ತಂದ. ಅದಕ್ಕೆ ಬಂದ ಒಟಿಪಿ ಅಂಕೆಯನ್ನು ನಿರ್ದೇಶಕಿಯ ಕಂಪ್ಯೂಟರಿನಲ್ಲಿ ಒತ್ತುವಾಗ ಅವರ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ ಪೆಟ್ಟಿಗೆ ತೆರೆಯಿತು. ಬಾಡಿಗೆ ಯಂತ್ರದ ಜೊತೆ ತಾನಾಗಿಯೇ ಬಂದಿದ್ದ, ಆಸರೆಯ ಯಾವ ವಿಳಾಸಕ್ಕೆ ಬರೆದರೂ ಬಾಚಿಟ್ಟುಕೊಳ್ಳುವ ಇಮೇಲ್ ಪೆಟ್ಟಿಗೆ. ನಿರ್ದೇಶಕಿ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು.

ಒಬ್ಬಳಿಂದಲೇ ಮೂರು ಇಮೇಲ್.

"ಹಳೇ ಗ್ರಂಥಾಲಯದ ಹಿಂಬಾಗಿಲ ಹತ್ತಿರ ಇದೀನಿ."

"ಮಗು ಅಳ್ತಾ ಇದೆ. ಬರ್ತಿದೀರಾ?"

ಮೂರನೆಯದು ಈಗಷ್ಟೇ ಬಂದದ್ದು. "ಯಾರೂ ಬರಲ್ಲ ಅನ್ಸುತ್ತೆ. ಮನೆಗೆ ವಾಪಸ್ ಹೋಗ್ತೀನಿ."

ನಿರ್ದೇಶಕಿ ಮೂರನ್ನೂ ತಂಗಿಗೆ ಫೋನಿನಲ್ಲೇ ಓದಿದಳು. ಆ ಕಡೆ ಚಪ್ಪಲಿಯ ಸದ್ದು, ಬಾಗಿಲು, ಮೋಟರಿನ ಸದ್ದು—ಆಮೇಲೆ ಏನೂ ಇಲ್ಲ. ನಿರ್ದೇಶಕಿ ಆ ಹೆಂಗಸಿಗೆ ಉತ್ತರ ಬರೆದಳು: "ಹೋಗಬೇಡಿ. ಹೊರಟಿದೀವಿ." ಓದಿದಳೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಯಾರೂ ಕೂರಲಿಲ್ಲ. ತಂತಿ ಉಗುರು ಕಚ್ಚುತ್ತಿದ್ದ. ವಕೀಲೆ ಕಿಟಕಿಗೆ ಹೋಗಿ ಬಂದಳು, ಮತ್ತೆ ಹೋದಳು.

ಫೋನು ಒಂದು ಸಲ ರಿಂಗಾಗುವಷ್ಟರಲ್ಲಿ ನಿರ್ದೇಶಕಿ ಎತ್ತಿದಳು.

"ಸಿಕ್ಕಳು ಅಕ್ಕಾ. ಬಸ್ ಹತ್ತೋಳಿದ್ಲು. ಒಂದು ಕಾಲು ಮೆಟ್ಟಿಲ ಮೇಲಿತ್ತು. ಗಾಡೀಲಿ ಕೂತಿದಾಳೆ, ಮಗು ನನ್ನ ತೊಡೆ ಮೇಲೆ."

ನಿರ್ದೇಶಕಿ ರಿಸೀವರ್ ಇಟ್ಟು, ಸಿಕ್ಕಳೆಂದು ಎಲ್ಲರಿಗೂ ಹೇಳಿದಳು.

"ಮತದಾನ?" ವಕೀಲೆ ಮೆಲ್ಲಗೆ ಕೇಳಿದಳು.

"ಇವತ್ತಿಲ್ಲ," ಅಂದಳು ಪ್ರಶ್ನೆಪತ್ರಿಕೆ. "ಇವರು ಮಾಡಿದ್ದು ಅನ್ಯಾಯ. ಹೇಳಿದ್ದರಲ್ಲಿ ಅರ್ಧ ನಿಜ. ಎರಡನ್ನೂ ಸದಸ್ಯರ ಮುಂದೆ ಇಟ್ಟು ಆಮೇಲೆ ಮತ ಕೇಳೋಣ. ಸರ್, ಕೀಲಿ."

ಅಧ್ಯಕ್ಷರು ಕೀಲಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ಹೆಜ್ಜೆ ಹಾಕಿದರು.

"ಎಲ್ಲಿಗೆ?" ನಿರ್ದೇಶಕಿ ಕೇಳಿದಳು. "ನಾಳೆವರೆಗೂ ಆ ಪೆಟ್ಟಿಗೆಗೆ ಇಮೇಲ್ ಬೀಳ್ತಾನೇ ಇರುತ್ತೆ. ತೆರೆಯೋಕೆ ಪ್ರತಿ ಸಲ ನಿಮ್ಮ ಫೋನಿಗೆ ಬರೋ ಅಂಕೆ ಬೇಕು. ಓದೋದು ನಾವು. ನೀವು ಅಂಕೆ ಹೇಳಿದ್ರೆ ಸಾಕು."

ಅವರು ಮರಳಿ ಬಂದು, ಪರದೆಗೆ ಬೆನ್ನು ಹಾಕಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಪೆಟ್ಟಿಗೆ ಮತ್ತೆ ಮುಚ್ಚಿಕೊಂಡು ಅಂಕೆ ಕೇಳಿತು.

"ಹೇಳಿ ಸರ್."

"ನಾಲ್ಕು," ಅಂದರು ಅಧ್ಯಕ್ಷರು. "ಒಂಬತ್ತು. ಒಂಬತ್ತು..."